ಬೇಡುತ್ತಲೇ ತಿದ್ದಿಕೊಳ್ಳುವ ಮನಸ್ಸು



ಕ್ರೈಸ್ತರ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತು ‘ದೇವರ ಚಿತ್ತ’. ಮದುವೆಯ ಕರೆಯೋಲೆಯಲ್ಲಿ ಅದು ಅಚ್ಚಾಗುತ್ತದೆ. ಮಗನಿಗೆ ಕೆಲಸ ಸಿಕ್ಕಾಗ ಅದೇ ಮಾತು, ಸಿಗದಿದ್ದಾಗಲೂ ಅದೇ ಮಾತು. ಸಾವಿನ ಮನೆಯ ಜಗಲಿಯಲ್ಲಿ ಏನು ಹೇಳಬೇಕೆಂದು ತೋಚದೆ ಕುಳಿತವರು ಕೊನೆಗೆ ಆಡುವುದೂ ಅದನ್ನೇ. ಇನ್ನೊಂದು ಕಡೆ, ಪ್ರಾರ್ಥನಾ ಕೂಟಗಳಲ್ಲಿ ಬೇಡಿಕೆಗಳ ಪಟ್ಟಿ ಉದ್ದವಾಗಿಯೇ ಇರುತ್ತದೆ. ವೀಸಾ, ಬಾಡಿಗೆ ಮನೆ, ಬಾರದ ಮಳೆ, ಸಕ್ಕರೆ ಕಾಯಿಲೆ, ಕುಡಿತ ಬಿಡದ ಗಂಡ. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಬರುವವರನ್ನು ನೋಡಿ, ಕಾರ್ಕಳದ ಅತ್ತೂರಿನಲ್ಲಿ ಜನವರಿಯ ಹಬ್ಬಕ್ಕೆ ಮೇಣದಬತ್ತಿ ಹಿಡಿದು ನಿಂತವರನ್ನು ನೋಡಿ. ಯಾವ ಜಾತಿ ಮತದವರೇ ಆಗಲಿ, ಹೆಚ್ಚಿನವರು ಏನೋ ಒಂದು ಬೇಕು ಎಂದೇ ಬಂದಿರುತ್ತಾರೆ.

‘ಬೇಕು’ ಎನ್ನುವ ಬಾಯಿಯೇ ‘ನಿನ್ನ ಇಷ್ಟ’ ಎನ್ನುವುದು ಹೇಗೆ? ಮೊದಲನೆಯದು ನಿಜವಾಗಿದ್ದರೆ ಎರಡನೆಯದು ಬರಿಯ ಉಪಚಾರದ ಮಾತಾಗುವುದಿಲ್ಲವೇ? ಎರಡನೆಯದೇ ನಿಜವಾದರೆ ಮೊದಲನೆಯದನ್ನು ಆಡುವುದೇಕೆ? ಇವತ್ತು ನಾನು ತಮ್ಮ ಮುಂದೆ ಇಡಬೇಕೆಂದಿರುವುದು ಇಷ್ಟು: ಆಸೆಯನ್ನು ಮನೆಯಲ್ಲೇ ಕೊಂದುಹಾಕಿ, ಕೈತೊಳೆದುಕೊಂಡು ದೇವರ ಮುಂದೆ ಬಂದು ನಿಲ್ಲುವುದನ್ನು ಕ್ರೈಸ್ತ ಪ್ರಾರ್ಥನೆ ಕಲಿಸುವುದಿಲ್ಲ. ಆಸೆಯನ್ನು ಇದ್ದ ಹಾಗೆಯೇ ತರಬೇಕು, ಬಾಯಿಬಿಟ್ಟು ಕೇಳಬೇಕು. ಆ ಕೇಳುವಿಕೆಯಲ್ಲೇ, ಅದೂ ಬಹುಕಾಲದ ಕೇಳುವಿಕೆಯಲ್ಲಿ, ಆಸೆಯ ಡೊಂಕು ತಿದ್ದಿಕೊಳ್ಳುತ್ತದೆ. ಬೇಡದವನ ಶರಣಾಗತಿಯಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ.

ಕರ್ತನ ಪ್ರಾರ್ಥನೆಯಿಂದಲೇ ಹೊರಡೋಣ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ, ಬೆಟ್ಟದ ಪ್ರಸಂಗದ ನಡುವೆ, ಅದು ಬರುತ್ತದೆ. ಮೊದಲು ದೇವರ ಹೆಸರು, ಆಮೇಲೆ ದೇವರ ರಾಜ್ಯ, ಆಮೇಲೆ ದೇವರ ಚಿತ್ತ. ಅದರ ಬೆನ್ನಿಗೇ ಹೊಟ್ಟೆಯ ಮಾತು, ಆ ದಿನದ ಆಹಾರ. ನಡುವೆ ಕ್ಷಮೆ ಕೇಳುವ ಪೀಠಿಕೆಯಿಲ್ಲ, ಸಂಕೋಚವಿಲ್ಲ. ಪರಲೋಕದಷ್ಟು ದೊಡ್ಡ ಬೇಡಿಕೆಯ ಪಕ್ಕದಲ್ಲಿ ಒಂದು ಹೊತ್ತಿನ ಊಟದ ಬೇಡಿಕೆಯನ್ನು ಕೂರಿಸಿದವರು ಯೇಸುಸ್ವಾಮಿಯೇ. ಹಾಗಿರುವಾಗ, ಇಂಥ ಸಣ್ಣ ವಿಷಯಕ್ಕೆ ದೇವರನ್ನು ಕಾಡಬಾರದು ಎಂದು ದೊಡ್ಡವರಂತೆ ಮಾತಾಡುವ ಭಕ್ತರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಇನ್ನೊಂದು ವಿಷಯವಿದೆ. ಭೂಮಿಯ ಮೇಲೆ ದೇವರ ಚಿತ್ತ ನಡೆಯಲಿ ಎಂದು ದಿನವೂ ಬೇಡುತ್ತೇವೆ ಎಂದಮೇಲೆ, ಅದು ಇಲ್ಲಿ ಪೂರ್ತಿಯಾಗಿ ಇನ್ನೂ ನಡೆಯುತ್ತಿಲ್ಲ ಎಂದಾಯಿತು. ಈಗಾಗಲೇ ನಡೆದದ್ದೆಲ್ಲ ದೇವರು ಬಯಸಿದ್ದೇ ಆಗಿದ್ದರೆ ಆ ಬೇಡಿಕೆಗೆ ಅರ್ಥವೇ ಇರುತ್ತಿರಲಿಲ್ಲ. ಗುತ್ತಿಗೆದಾರ ಸಿಮೆಂಟಿನಲ್ಲಿ ಕದ್ದು ಕಟ್ಟಿಸಿದ ಗೋಡೆ ಕುಸಿದು ಕೂಲಿಯವನೊಬ್ಬ ಸತ್ತರೆ ಅದನ್ನು ದೇವರ ಚಿತ್ತ ಎನ್ನಬಾರದು, ಅದು ಗುತ್ತಿಗೆದಾರನ ಚಿತ್ತ. ವರದಕ್ಷಿಣೆಗೆ ಸುಟ್ಟುಹೋದ ಹುಡುಗಿಯ ತಾಯಿಗೆ ‘ದೇವರು ಕೊಟ್ಟ, ದೇವರು ಕರೆದುಕೊಂಡ’ ಎಂದು ಸಮಾಧಾನ ಹೇಳುವವರು ಕರ್ತನ ಪ್ರಾರ್ಥನೆಯ ಆ ಸಾಲನ್ನು ತಿರುಗುಮುರುಗಾಗಿ ಹೇಳುತ್ತಿದ್ದಾರೆ. ನಮ್ಮ ಇಷ್ಟವನ್ನು ದೇವರ ಇಷ್ಟಕ್ಕೆ ಹೊಂದಿಸಿಕೊಳ್ಳುವುದೆಂದರೆ ಆದದ್ದಕ್ಕೆಲ್ಲ ತಲೆಬಾಗುವುದಲ್ಲ. ಕೆಲವು ಸಲ ಆದದ್ದರ ವಿರುದ್ಧ ಎದ್ದು ನಿಲ್ಲುವುದೇ ಆ ಹೊಂದಾಣಿಕೆ.

ಇನ್ನು ಗೆತ್ಸೇಮನೆ ತೋಟ. ಮಾರ್ಕನ ಸುವಾರ್ತೆಯನ್ನು ಆದಿಯಿಂದ ಓದುತ್ತ ಬಂದವರಿಗೆ ಅಲ್ಲಿ ಆಶ್ಚರ್ಯವೊಂದು ಕಾದಿರುತ್ತದೆ. ತನಗೆ ಕಾದಿರುವುದು ಕೊಲೆ ಎಂದು ಯೇಸುಸ್ವಾಮಿ ಶಿಷ್ಯರಿಗೆ ದಾರಿಯುದ್ದಕ್ಕೂ ಮೂರು ಸಲ ಹೇಳಿಯಾಗಿದೆ, 8, 9 ಮತ್ತು 10ನೆಯ ಅಧ್ಯಾಯಗಳಲ್ಲಿ. ಬೇಡವೆಂದು ತಡೆಯಲು ಬಂದ ಪೇತ್ರನನ್ನು ಕಟುವಾಗಿ ಗದರಿಸಿಯೂ ಆಗಿದೆ. ಅಷ್ಟೆಲ್ಲ ತಿಳಿದಿದ್ದ ಆತನು, ಆ ರಾತ್ರಿ ಎಣ್ಣೆಮರಗಳ ನಡುವೆ ನೆಲಕ್ಕೆ ಬಿದ್ದು, ಆಗುವುದಾದರೆ ಇದು ತಪ್ಪಲಿ ಎಂದು ತಂದೆಯನ್ನು ಕೇಳುತ್ತಾನೆ. ತಿಳಿದೂ ಕೇಳುತ್ತಾನೆ! ಮೂವರು ಗೆಳೆಯರನ್ನು ಹತ್ತಿರ ಎಚ್ಚರವಾಗಿರಲು ಬೇಡುತ್ತಾನೆ, ಅವರು ತೂಕಡಿಸುತ್ತಾರೆ. ಎದ್ದು ಬರುತ್ತಾನೆ, ಎಬ್ಬಿಸುತ್ತಾನೆ, ಹಿಂದಕ್ಕೆ ಹೋಗಿ ಅದೇ ಮಾತುಗಳಲ್ಲಿ ಬೇಡುತ್ತಾನೆ. ಇಬ್ರಿಯರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯವಂತೂ ಆತನು ಗಟ್ಟಿಯಾಗಿ ಕೂಗಿ ಕಣ್ಣೀರಿಟ್ಟು ಪ್ರಾರ್ಥಿಸಿದನೆಂದು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ನಾವು ಈ ಪ್ರಸಂಗದ ಕೊನೆಯ ಅರ್ಧವನ್ನು, ತಂದೆಯ ಇಷ್ಟಕ್ಕೆ ಒಪ್ಪಿಸಿಕೊಂಡದ್ದನ್ನು, ಬೇಗ ಹಿಡಿದುಕೊಳ್ಳುತ್ತೇವೆ. ಮೊದಲ ಅರ್ಧವನ್ನು ದಾಟಿಬಿಡುತ್ತೇವೆ. ಆದರೆ ಸಾಯಲು ಇಷ್ಟವಿಲ್ಲ ಎಂದು ಹೇಳಿದವನ ಒಪ್ಪಿಗೆಗೇ ಬೆಲೆ. ತನಗೇನೂ ಬೇಡ ಎನ್ನುವವನು ದೇವರಿಗೆ ಒಪ್ಪಿಸುವುದಾದರೂ ಏನನ್ನು?

ಈಗ ನನ್ನ ಉಪನ್ಯಾಸದ ಮುಖ್ಯ ಭಾಗಕ್ಕೆ ಬರುತ್ತೇನೆ. ಒಬ್ಬ ತಾಯಿಯ ಕಥೆ. ಉತ್ತರ ಆಫ್ರಿಕದ ಥಗಾಸ್ತೆ ಎಂಬ ಊರು, ಈಗಿನ ಅಲ್ಜೀರಿಯದ ಸೂಕ್ ಅಹ್ರಾಸ್. ಅಲ್ಲಿ ಮೋನಿಕಾ ಎಂಬ ಕ್ರೈಸ್ತ ಹೆಂಗಸು, ಕ್ರೈಸ್ತನಲ್ಲದ ಮುಂಗೋಪದ ಗಂಡ ಪ್ಯಾಟ್ರಿಕಿಯಸ್. 354ರಲ್ಲಿ ಹುಟ್ಟಿದ ಮಗ ಅಗಸ್ಟೀನ. ಬಹಳ ಬುದ್ಧಿವಂತ. ಹತ್ತೊಂಬತ್ತರ ಪ್ರಾಯದಲ್ಲಿ ಆತ ಮಾನಿ ಎಂಬವನ, ಸಭೆ ಒಪ್ಪದ ಪಂಥವನ್ನು ಸೇರಿ, ಸುಮಾರು ಒಂಬತ್ತು ವರ್ಷ ಅದರಲ್ಲೇ ಉಳಿದ. ತಾಯಿ ದಿನವೂ ಅಳುತ್ತಿದ್ದಳು, ದಿನವೂ ಬೇಡುತ್ತಿದ್ದಳು. ಮಗನ ಜೊತೆ ವಾದಿಸಿ ಅವನ ಮನಸ್ಸು ತಿರುಗಿಸಿ ಎಂದು ಒಬ್ಬ ಬಿಷಪ್ಪರನ್ನು ಆಕೆ ಎಷ್ಟು ಕಾಡಿದಳೆಂದರೆ, ಅವರು ಬೇಸತ್ತು, ಇಷ್ಟು ಕಣ್ಣೀರಿನ ಮಗ ಹಾಳಾಗಲಾರ, ಹೋಗಮ್ಮಾ ಎಂಬರ್ಥದ ಮಾತು ಹೇಳಿ ಕಳಿಸಿದರಂತೆ. ಇದೆಲ್ಲ ಅಗಸ್ಟೀನನೇ ತನ್ನ ‘ಕನ್ಫೆಷನ್ಸ್’ ಕೃತಿಯಲ್ಲಿ ದೇವರಿಗೆ ಹೇಳುವಂತೆ ಬರೆದದ್ದು.

383ರಲ್ಲಿ, ಕಾರ್ಥೇಜಿನಲ್ಲಿ ಪಾಠ ಹೇಳುತ್ತಿದ್ದ ಮಗ ರೋಮಿಗೆ ಹೊರಟ. ಶಿಸ್ತಿರುವ ವಿದ್ಯಾರ್ಥಿಗಳು ಅಲ್ಲಿ ಸಿಗುತ್ತಾರೆಂಬ ಆಸೆ. ಸಮುದ್ರದ ದಂಡೆಯವರೆಗೆ ತಾಯಿ ಬೆನ್ನು ಹತ್ತಿ ಬಂದಳು. ಒಂದೋ ನೀನು ಉಳಿಯಬೇಕು, ಇಲ್ಲವೇ ನಾನೂ ಬರಬೇಕು. ಅಗಸ್ಟೀನ ಸುಳ್ಳು ಹೇಳಿದ. ಗೆಳೆಯನೊಬ್ಬನನ್ನು ಹಡಗು ಹತ್ತಿಸಬೇಕಿದೆ, ಗಾಳಿ ಬರುವವರೆಗೆ ಅವನ ಜೊತೆಗಿರುತ್ತೇನೆ ಎಂದ. ಹಡಗಿನ ಹತ್ತಿರದಲ್ಲೇ ಹುತಾತ್ಮ ಸಿಪ್ರಿಯಾನನ ನೆನಪಿನ ಗುಡಿಯೊಂದಿತ್ತು. ರಾತ್ರಿ ಅಲ್ಲಿರುವಂತೆ ತಾಯಿಯನ್ನು ಕಷ್ಟಪಟ್ಟು ಒಪ್ಪಿಸಿದ. ಆಕೆ ಆ ಗುಡಿಯಲ್ಲಿ ಬೇಡಿಕೊಳ್ಳುತ್ತಿದ್ದಾಗಲೇ ಮಗ ಹಡಗೇರಿದ. ಗಾಳಿ ಬೀಸಿತು, ಪಟ ತುಂಬಿತು, ದಡ ಕಣ್ಮರೆಯಾಯಿತು. ಬೆಳಗ್ಗೆ ತಾಯಿ ಬಂದು ನೋಡಿದರೆ ಬರಿಯ ಸಮುದ್ರ. ಆಕೆಯ ದುಃಖಕ್ಕೆ ಮಿತಿಯಿರಲಿಲ್ಲವೆಂದು ಮಗನೇ ಬರೆದಿದ್ದಾನೆ.

ಆ ರಾತ್ರಿ ಮೋನಿಕಾ ಬೇಡಿದ್ದೇನು? ಮಗ ಹಡಗು ಹತ್ತದಿರಲಿ ಎಂದು. ದೇವರು ಅದನ್ನು ಕೊಡಲಿಲ್ಲ. ಆದರೆ ಆ ಹಡಗು ಮಗನನ್ನು ರೋಮಿಗೂ, ಅಲ್ಲಿಂದ ಮಿಲಾನಿಗೂ, ಮಿಲಾನಿನ ಬಿಷಪ್ ಆಂಬ್ರೋಸರ ಉಪದೇಶದ ಹತ್ತಿರಕ್ಕೂ ಮುಟ್ಟಿಸಿತು. 387ರ ಈಸ್ಟರಿನ ರಾತ್ರಿ ಆಂಬ್ರೋಸರಿಂದಲೇ ಆತನಿಗೆ ದೀಕ್ಷಾಸ್ನಾನವಾಯಿತು. ಮುಂದೆ ಹಿಂದಿರುಗಿ ನೋಡಿದ ಅಗಸ್ಟೀನ ತುಂಬ ಮುಖ್ಯವಾದ ಮಾತೊಂದನ್ನು ಹೇಳುತ್ತಾನೆ: ತಾಯಿ ಸದಾ ಬೇಡುತ್ತಿದ್ದುದನ್ನು ಕೊಡುವುದಕ್ಕಾಗಿ ಆಗ ಬೇಡಿದ್ದನ್ನು ದೇವರು ಕೊಡಲಿಲ್ಲ ಎಂದು. ಒಬ್ಬಳೇ ಹೆಂಗಸಿನ ಎದೆಯಲ್ಲಿ ಎರಡು ಬೇಡಿಕೆಗಳಿದ್ದವು. ಮಗ ದೇವರವನಾಗಲಿ ಎಂಬುದೊಂದು, ಮಗ ನನ್ನ ಕಣ್ಣೆದುರಿರಲಿ ಎಂಬುದೊಂದು. ಎರಡೂ ಒಂದೇ ಎಂದು ಆಕೆ ನಂಬಿದ್ದಳು. ಹೆತ್ತವರೆಲ್ಲರೂ ಹಾಗೆ ನಂಬುತ್ತಾರೆ.

ಇಲ್ಲಿಗೆ ಕಥೆ ನಿಂತಿದ್ದರೆ ಅದು ಒಂದು ಸಾಕ್ಷಿ ಕೂಟದ ಕಥೆಯಾಗುತ್ತಿತ್ತು. ಅದು ನಿಲ್ಲುವುದಿಲ್ಲ. ಮೋನಿಕಾ ಸಮುದ್ರ ದಾಟಿ ಮಿಲಾನಿಗೂ ಬಂದಳು. ಆಫ್ರಿಕದ ರೂಢಿಯಂತೆ ಅಂಬಲಿ, ರೊಟ್ಟಿ, ದ್ರಾಕ್ಷಾರಸಗಳ ಬುಟ್ಟಿ ಹಿಡಿದು ಹುತಾತ್ಮರ ಸಮಾಧಿಗೆ ಹೋದರೆ, ಬಾಗಿಲು ಕಾಯುವವನು ತಡೆದ. ಬಿಷಪ್ಪರು ಇದನ್ನು ನಿಲ್ಲಿಸಿದ್ದಾರೆ ಎಂದ. ಊರಲ್ಲಿ ತಲೆಮಾರುಗಳಿಂದ ನಡೆದು ಬಂದ ಪದ್ಧತಿ. ಆಕೆ ಮರುಮಾತಾಡದೆ ಬಿಟ್ಟಳು. ಆಮೇಲೆ ಮಗನಿಗೆ ದೊಡ್ಡ ಮನೆತನದ ಹೆಣ್ಣು ನೋಡಲು ಹೊರಟಳು. ಗೊತ್ತಾದ ಹುಡುಗಿಗೆ ಮದುವೆಯ ವಯಸ್ಸಾಗಲು ಇನ್ನೂ ಸುಮಾರು ಎರಡು ವರ್ಷ ಬೇಕಿತ್ತು. ಈ ಮದುವೆ ನಿನ್ನ ಇಷ್ಟವೇ, ತೋರಿಸಿಕೊಡು ಎಂದು ಮಗನ ಕೋರಿಕೆಯಂತೆ ಆಕೆ ದೇವರನ್ನು ದಿನವೂ ಕೇಳಿದಳು. ಉತ್ತರ ಬರಲಿಲ್ಲ. ಏನೇನೋ ಕನಸುಗಳು ಬಿದ್ದವು. ಆದರೆ ಅವು ದೇವರು ತೋರಿಸಿದವಲ್ಲ, ತನ್ನ ಮನಸ್ಸು ಹೆಣೆದವು ಎಂದು ಆಕೆ ಮಗನಿಗೆ ನೇರವಾಗಿ ಹೇಳಿದಳು. ದೇವರು ತೋರಿಸುವುದಕ್ಕೂ ತನ್ನ ಮನಸ್ಸು ತೋರಿಸುವುದಕ್ಕೂ ಇರುವ ವ್ಯತ್ಯಾಸ ತನಗೆ ಒಂದು ಬಗೆಯ ರುಚಿಯಿಂದ ತಿಳಿಯುತ್ತದೆ, ಮಾತಿನಲ್ಲಿ ಹೇಳಲಾರೆ ಎನ್ನುತ್ತಿದ್ದಳಂತೆ. ನನಗೆ ಮೋನಿಕಾಳ ಇಡೀ ಬದುಕಿನಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಈ ಗಳಿಗೆ. ಈ ಸಂಬಂಧ ಕೂಡಬೇಕೆಂದು ಆಕೆಗೇ ಆಸೆಯಿತ್ತು. ಬಿದ್ದ ಕನಸಿಗೆ ದೇವರ ಹೆಸರಿನ ಮುದ್ರೆ ಒತ್ತಿಬಿಡುವುದು ಎಷ್ಟು ಸುಲಭವಿತ್ತು! ‘ಕರ್ತನು ನನಗೆ ತೋರಿಸಿದನು’ ಎಂದು ಹೇಳಿ ಮಕ್ಕಳ ಮದುವೆ, ಓದು, ಆಸ್ತಿಗಳನ್ನು ತೀರ್ಮಾನಿಸುವ ಹಿರಿಯರು ನಮ್ಮ ನಡುವೆ ಇಲ್ಲವೇ? ಆಕೆ ಆ ಕೆಲಸ ಮಾಡಲಿಲ್ಲ.

ಆದರೂ ಮದುವೆಯ ಏರ್ಪಾಡು ನಿಲ್ಲಲಿಲ್ಲ, ಅದಕ್ಕೆ ಬೆಲೆ ತೆತ್ತವಳು ಬೇರೊಬ್ಬಳು. ಅಗಸ್ಟೀನನ ಜೊತೆ ಹತ್ತು ಹನ್ನೆರಡು ವರ್ಷಕ್ಕೂ ಹೆಚ್ಚು ಬಾಳಿ, ಅವನಿಗೆ ಅದೆಯೊದಾತುಸ್ ಎಂಬ ಮಗನನ್ನು ಹೆತ್ತ ಹೆಂಗಸನ್ನು, ಮದುವೆಗೆ ಅಡ್ಡಿಯೆಂದು ಆಫ್ರಿಕಕ್ಕೆ ಕಳಿಸಿಬಿಟ್ಟರು. ಮಗನನ್ನು ತಂದೆಯ ಬಳಿ ಬಿಟ್ಟು, ಇನ್ನು ಬೇರೆ ಗಂಡಸನ್ನು ಸೇರುವುದಿಲ್ಲವೆಂದು ದೇವರಿಗೆ ಹರಕೆ ಹೊತ್ತು ಆಕೆ ಹೋದಳು. ಆಕೆಯ ಹೆಸರನ್ನು ಕೂಡ ಅಗಸ್ಟೀನ ಬರೆದಿಲ್ಲ. ಸಂತರ ಮನೆಯಲ್ಲಿ ನಡೆಯಿತೆಂಬ ಕಾರಣಕ್ಕೆ ಇದನ್ನು ದೇವರ ಚಿತ್ತ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಹಗಲಿರುಳು ಪ್ರಾರ್ಥಿಸುವ ಮನೆಯಲ್ಲಿಯೂ ಲೋಕದ ಲೆಕ್ಕಾಚಾರ ನಡೆಯುತ್ತದೆ, ಮತ್ತು ಅದರ ಭಾರ ಬೀಳುವುದು ಹೆಚ್ಚಾಗಿ ಮಾತಿಲ್ಲದವರ ಮೇಲೆ.

386ರಲ್ಲಿ ಮಿಲಾನಿನ ಮನೆಯ ತೋಟದಲ್ಲಿ ಅಗಸ್ಟೀನನ ಮನಸ್ಸು ತಿರುಗಿತು. ಅದೇ ಗಳಿಗೆಯಲ್ಲಿ ಮದುವೆಯ ಯೋಚನೆಯೂ ಬಿದ್ದುಹೋಯಿತು. ಒಳಗೆ ಹೋಗಿ ತಾಯಿಗೆ ಹೇಳಿದರೆ ಆಕೆ ಕುಣಿದಾಡಿದಳು. ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಆಸೆ ಹೊತ್ತಿದ್ದವಳು ಅದಕ್ಕಿಂತ ಪ್ರಿಯವಾದದ್ದನ್ನು ಕಂಡಳೆಂದು ಮಗ ಬರೆಯುತ್ತಾನೆ. ಮರುವರ್ಷ ಊರಿಗೆ ಹೊರಟವರು ರೋಮಿನ ಬಂದರು ಓಸ್ತಿಯಾದಲ್ಲಿ ಹಡಗಿಗಾಗಿ ತಂಗಿದ್ದಾಗ ಮೋನಿಕಾಗೆ ಜ್ವರ ಬಂತು. ಆಕೆಗೆ ಬಹಳ ದಿನದ ಇನ್ನೊಂದು ಆಸೆಯಿತ್ತು, ಊರಲ್ಲಿ ಗಂಡನ ಸಮಾಧಿಯ ಪಕ್ಕದಲ್ಲೇ ಮಣ್ಣಾಗಬೇಕು ಎಂದು. ತನ್ನ ಜಾಗವನ್ನು ಅಲ್ಲಿ ಮೊದಲೇ ಸಿದ್ಧ ಮಾಡಿಸಿಟ್ಟಿದ್ದಳು. ಈಗ ಇನ್ನೊಬ್ಬ ಮಗ ನವೀಗಿಯಸ್, ಪರದೇಶದಲ್ಲಿ ಬೇಡ, ಊರಲ್ಲೇ ಪ್ರಾಣ ಹೋಗಲಿ ಎಂಬಂಥ ಮಾತಾಡಿದಾಗ ಆಕೆ ಅವನನ್ನು ಕಣ್ಣಲ್ಲೇ ಗದರಿದಳು. ಈ ದೇಹವನ್ನು ಎಲ್ಲಾದರೂ ಇಡಿ, ಅದರ ಚಿಂತೆ ಮಾಡಬೇಡಿ, ಎಲ್ಲಿದ್ದರೂ ಕರ್ತನ ಬಲಿಪೀಠದ ಮುಂದೆ ನನ್ನನ್ನು ನೆನೆಯಿರಿ, ಅಷ್ಟು ಸಾಕು ಎಂದಳು. ಒಂಬತ್ತನೆಯ ದಿನ ತೀರಿಕೊಂಡಳು. ಆಕೆಗೆ ಐವತ್ತಾರನೆಯ ವರ್ಷ ನಡೆಯುತ್ತಿತ್ತು. ಮಗನಿಗೆ ಆಗ ಮೂವತ್ತಮೂರನೆಯದು. ಸಮಾಧಿಯ ಆಸೆ ಯಾವಾಗ ಕಳಚಿಬಿತ್ತೆಂದು ತನಗೇ ಗೊತ್ತಾಗಲಿಲ್ಲ ಎನ್ನುತ್ತಾನೆ ಅಗಸ್ಟೀನ. ಅದನ್ನು ಯಾರೂ ಆಕೆಯ ಕೈಯಿಂದ ಕಿತ್ತುಕೊಳ್ಳಲಿಲ್ಲ. ದೊಡ್ಡ ಆಸೆ ತುಂಬಿ ಬಂದಾಗ ಸಣ್ಣದು ತಾನಾಗಿ ಜಾಗ ಬಿಟ್ಟಿತ್ತು. ಹೊಂದಾಣಿಕೆ ಎಂದರೆ ಇದು. ಅದಕ್ಕೆ ಹಿಡಿದದ್ದು ಒಂದು ಆಯುಷ್ಯ.

ಇದನ್ನೆಲ್ಲ ಹತ್ತಿರದಿಂದ ಕಂಡವನಾದ್ದರಿಂದಲೇ ಇರಬೇಕು, ಪ್ರಾರ್ಥನೆಯ ಬಗ್ಗೆ ಅಗಸ್ಟೀನ ಬಿಷಪ್ಪನಾದ ಮೇಲೆ ಬರೆದ ಒಂದು ಪತ್ರ ಇಂದಿಗೂ ಹಳೆಯದಾಗಿಲ್ಲ. 410ರಲ್ಲಿ ಗೋಥರು ರೋಮನ್ನು ಸೂರೆ ಮಾಡಿದಾಗ ಪ್ರೋಬಾ ಎಂಬ ಶ್ರೀಮಂತ ವಿಧವೆ ಆಫ್ರಿಕಕ್ಕೆ ಓಡಿಬಂದಳು. ಹೇಗೆ ಬೇಡಬೇಕೋ ನಮಗೆ ತಿಳಿಯದು ಎಂದು ಪೌಲನೇ ರೋಮಾಪುರದವರಿಗೆ ಬರೆದಿರುವಾಗ ನಾನು ಏನೆಂದು ಬೇಡಲಿ ಎಂದು ಆಕೆ ಕೇಳಿದಳು. ಅಗಸ್ಟೀನನ ಉತ್ತರದ ತಿರುಳು ಹೀಗಿದೆ. ನಮಗೇನು ಬೇಕೆಂದು ದೇವರಿಗೆ ಮೊದಲೇ ಗೊತ್ತು. ಆದರೂ ಬೇಡು ಎನ್ನುತ್ತಾನೆ, ಯಾಕೆಂದರೆ ಬೇಡುವುದರಿಂದ ನಮ್ಮ ಹಂಬಲಕ್ಕೆ ಸಾಧನೆಯಾಗುತ್ತದೆ. ಆತನು ಕೊಡಬೇಕೆಂದಿರುವುದು ಬಹಳ ದೊಡ್ಡದು, ಹಿಡಿಯಬೇಕಾದ ನಮ್ಮ ಮನಸ್ಸು ಚಿಕ್ಕದು. ಕಷ್ಟ ತೊಲಗಲಿ ಎಂದು ಬೇಡುವುದು ಮನುಷ್ಯಸಹಜ, ಅದರಲ್ಲಿ ತಪ್ಪಿಲ್ಲ. ತೊಲಗದಿದ್ದರೆ ದೇವರು ಕೈಬಿಟ್ಟನೆಂದು ತಿಳಿಯಬೇಡ. ಮುಳ್ಳು ತೆಗೆ ಎಂದು ಪೌಲ ಮೂರು ಸಲ ಕೇಳಿಯೂ ಅದು ಉಳಿಯಿತು. ಇಸ್ರಾಯೇಲರು ಅಡವಿಯಲ್ಲಿ ಹಟಹಿಡಿದು ಮಾಂಸ ಕೇಳಿದರು, ಆಮೇಲೆ ಅರಸನನ್ನು ಕೇಳಿದರು, ಎರಡೂ ಸಿಕ್ಕಿದವು, ಎರಡರಿಂದಲೂ ಕೆಟ್ಟರು. ಸಿಕ್ಕಿದ್ದೆಲ್ಲ ಆಶೀರ್ವಾದವಲ್ಲ ಎಂಬ ಈ ಎಚ್ಚರಿಕೆ, ಕಾಣಿಕೆ ಹಾಕಿದರೆ ನೂರ್ಮಡಿ ಬರುತ್ತದೆ ಎಂದು ಮೈಕಿನಲ್ಲಿ ಸಾರುವ ನಮ್ಮ ಕಾಲದ ಬೋಧಕರಿಗೆ ಕೇಳಿಸಬೇಕಿತ್ತು.

ಹದಿಮೂರನೆಯ ಶತಮಾನದಲ್ಲಿ ತೋಮಸ್ ಅಕ್ವಿನಾಸರು ಇದನ್ನೇ ಶಾಸ್ತ್ರದ ಭಾಷೆಯಲ್ಲಿ ಬಿಗಿಮಾಡಿದರು. ನಾವು ಬೇಡುವುದು ದೇವರ ಸಂಕಲ್ಪವನ್ನು ಬದಲಿಸಲಿಕ್ಕಲ್ಲ, ಪ್ರಾರ್ಥನೆಯ ಮೂಲಕವೇ ಸಿಗಬೇಕೆಂದು ಆತನು ಗೊತ್ತುಮಾಡಿರುವುದನ್ನು ಪಡೆಯಲಿಕ್ಕೆ. ಕರ್ತನ ಪ್ರಾರ್ಥನೆ ಏನನ್ನು ಬಯಸಬೇಕೆಂದು ಕಲಿಸುವುದರ ಜೊತೆಗೆ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಬಯಸಬೇಕೆಂಬುದನ್ನೂ ಕಲಿಸುತ್ತದೆ. ಅದಕ್ಕೂ ಏಳು ಶತಮಾನ ಮೊದಲು, ಡಯೊನೀಸಿಯಸ್ ಎಂಬ ಹೆಸರಿನಲ್ಲಿ ಬರೆದ ಗ್ರೀಕ್ ಲೇಖಕನೊಬ್ಬ ಒಂದು ಚಿತ್ರ ಕೊಟ್ಟಿದ್ದ. ದೋಣಿಯಲ್ಲಿ ಕುಳಿತವರು ದಡದ ಬಂಡೆಗೆ ಕಟ್ಟಿದ ಹಗ್ಗವನ್ನು ಎಳೆಯುತ್ತಾರೆ, ಬಂಡೆ ತಮ್ಮ ಕಡೆ ಬರುತ್ತಿದೆ ಅನಿಸುತ್ತದೆ, ಹೋಗುತ್ತಿರುವುದು ದೋಣಿ. ಆದರೆ ಎಳೆಯದೆ ಕೂತರೆ ದೋಣಿಯೂ ಹೋಗುವುದಿಲ್ಲ.

ನನ್ನ ಈ ಆಸೆ ದೇವರದೋ ನನ್ನದೋ ಎಂದು ತಿಳಿಯುವುದು ಹೇಗೆ ಎಂದು ಯುವಕರು ಕೇಳುತ್ತಾರೆ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಕಾಲು ಮುರಿದು ಲೊಯೋಲಾದ ಮನೆಯಲ್ಲಿ ಮಲಗಿದ್ದ ಇಗ್ನೇಷಿಯಸ್ ಗಮನಿಸಿದ್ದೊಂದಿದೆ. ಶೌರ್ಯದ, ಪ್ರೇಮದ ಕನಸು ಕಾಣುವಾಗ ಹಿತವಾಗಿರುತ್ತಿತ್ತು, ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು. ಸಂತರ ಹಾಗೆ ಬಾಳುವ ಕನಸು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಮೋನಿಕಾ ಹೇಳಿದ ರುಚಿಗೂ ಇದಕ್ಕೂ ದೂರವಿಲ್ಲ. ಆದರೆ ಇಂಥ ರುಚಿ ಒಂದು ರಾತ್ರಿಯ ಉಪವಾಸ ಪ್ರಾರ್ಥನೆಯಲ್ಲಿ ಹತ್ತುವಂಥದ್ದಲ್ಲ. ಮತ್ತೆ, ನನ್ನ ಆಸೆ ಈಡೇರಿದರೆ ಬೀದಿಗೆ ಬೀಳುವವರು ಯಾರಾದರೂ ಇದ್ದಾರೆಯೇ ಎಂದು ಕೂಡ ಕೇಳಿಕೊಳ್ಳಬೇಕು. ಮಿಲಾನಿನ ಆ ಮನೆಯಲ್ಲಿ ಯಾರೂ ಅದನ್ನು ಕೇಳಿಕೊಳ್ಳಲಿಲ್ಲ.

ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತು ಪ್ರಾರ್ಥಿಸಬೇಕಾದ ಸಭಾಪಾಲಕರಿಗೆ, ಕನ್ಯಾಸ್ತ್ರೀಯರಿಗೆ, ಹಿರಿಯರಿಗೆ ಒಂದು ಮಾತು. ರೋಗಿ ಬದುಕಬೇಕೆಂದು ಬಯಸುವಾಗ ನಾವು ಮೊದಲೇ ‘ನಿನ್ನ ಚಿತ್ತದಂತೆ ಆಗಲಿ’ ಎಂದು ಮುಗಿಸಿಬಿಟ್ಟರೆ, ಅವರ ಬಾಯಿಂದ ಅವರ ಬೇಡಿಕೆಯನ್ನು ಕಸಿದುಕೊಂಡ ಹಾಗೆ. ಅವರು ಕೇಳಲಿ, ಅಳಲಿ, ದೇವರೊಡನೆ ಜಗಳವಾಡಲಿ. ಒಪ್ಪಿಸಿಕೊಡುವ ಮಾತು ಅವರದೇ ಬಾಯಿಂದ, ಅವರದೇ ಹೊತ್ತಿಗೆ ಬರಬೇಕು.

ಅಗಸ್ಟೀನ ಅಂಥ ಒಂದು ಹೊತ್ತಿನಲ್ಲಿ ಹೇಗೆ ಬೇಡಿದನೆಂದು ನಮಗೆ ಗೊತ್ತಿದೆ. 430ರಲ್ಲಿ ವಂಡಾಲರು ಆತ ಬಿಷಪ್ಪನಾಗಿದ್ದ ಹಿಪ್ಪೊ ನಗರಕ್ಕೆ, ಈಗಿನ ಅನ್ನಾಬಾಕ್ಕೆ, ಮುತ್ತಿಗೆ ಹಾಕಿದ್ದರು. ಸುತ್ತಲಿನ ಊರುಗಳು ಸುಟ್ಟುಹೋಗಿದ್ದವು. ಓಡಿಬಂದ ಬಿಷಪ್ಪರು ನಗರದೊಳಗೆ ಆಶ್ರಯ ಪಡೆದಿದ್ದರು. ಅವರಲ್ಲೊಬ್ಬ ಕಲಾಮಾದ ಪೊಸಿದಿಯಸ್. ಮುಂದೆ ಗುರುವಿನ ಜೀವನಚರಿತ್ರೆ ಬರೆದವನು ಇವನೇ. ಒಂದು ದಿನ ಊಟಕ್ಕೆ ಕುಳಿತಿದ್ದಾಗ ಎಪ್ಪತ್ತೈದರ ಮುದುಕ ಅಗಸ್ಟೀನ, ತಾನು ಈ ದಿನಗಳಲ್ಲಿ ದೇವರಲ್ಲಿ ಏನು ಬೇಡುತ್ತಿದ್ದೇನೆಂದು ಹೇಳಿದ. ಈ ನಗರವನ್ನು ಬಿಡಿಸಬೇಕು. ಬೇರೆಯೇ ಆತನ ಇಷ್ಟವಾದರೆ, ಅದನ್ನು ಸಹಿಸುವ ಶಕ್ತಿಯನ್ನು ತನ್ನ ಸೇವಕರಿಗೆ ಕೊಡಬೇಕು. ಇಲ್ಲವೇ, ನನ್ನನ್ನಾದರೂ ಈ ಲೋಕದಿಂದ ಕರೆದುಕೊಳ್ಳಬೇಕು.

ಪ್ರೋಬಾಗೆ ಪತ್ರ ಬರೆದವನೇ ಇವನು. ದೇವರ ಇಷ್ಟವೆಂದರೇನೆಂದು ಬಲ್ಲವನು ನೇರವಾಗಿ ಎರಡನೆಯದನ್ನು ಬೇಡಬಹುದಿತ್ತು. ಹಾಗೆ ಮಾಡಲಿಲ್ಲ. ಗೋಡೆಯಾಚೆ ಶತ್ರು, ಒಳಗೆ ಹಸಿದ ಜನ, ನಗರ ಉಳಿಯಲಿ ಎಂದೇ ಮೊದಲು ಬೇಡಿದ. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಜ್ವರ ಹಿಡಿದು, ಆಗಸ್ಟ್ 28ರಂದು ಆತ ತೀರಿಕೊಂಡ. ಮೂರನೆಯ ಬೇಡಿಕೆ ಈಡೇರಿತು. ಮುತ್ತಿಗೆ ಒಟ್ಟು ಸುಮಾರು ಹದಿನಾಲ್ಕು ತಿಂಗಳು ನಡೆಯಿತು. ಊಟಕ್ಕೆ ಕುಳಿತಿದ್ದ ಆ ದಿನದಿಂದ ತಾವೆಲ್ಲರೂ, ನಗರದವರೂ, ಆತನ ಜೊತೆಗೂಡಿ ದೇವರಲ್ಲಿ ಅದನ್ನೇ ಬೇಡತೊಡಗಿದೆವೆಂದು ಪೊಸಿದಿಯಸ್ ಬರೆದಿದ್ದಾನೆ.